ಡಾಮರಿನ ಅಡಿಯ ಮಣ್ಣು

ಗೌರಿಹಬ್ಬದ ಹಿಂದಿನ ದಿನ ಹೂವು, ಬಾಳೆಕಂದುಗಳಿಗಾಗಿ ಗಾಂಧಿ ಬಜಾರಿಗೆ ಹೊರಟವರು ದಾರಿಯಲ್ಲಿ ರಸ್ತೆ ಬಿರಿದುದನ್ನು ಕಂಡರೆ ಡಾಮರನ್ನೇ ಹಳಿಯುವುದುಂಟು. ಆದರೆ ದೋಷವು ಅನೇಕ ವೇಳೆ ಅಡಿಯ ಮಣ್ಣಿನದು. ಮಣ್ಣು ಮೆತ್ತಗಿದ್ದರೆ ಪ್ರತಿಯೊಂದು ಗಾಲಿಯ ಭಾರಕ್ಕೂ ಮೇಲ್ಪದರವು ಬಾಗಿ ಏಳುತ್ತದೆ. ಹಾಗೆ ಬಾಗಿ ಬಾಗಿ ದಣಿದು ತಳದಿಂದಲೇ ಸೀಳುತ್ತದೆ. ಮೊಸಳೆಯ ಚರ್ಮದಂತಹ ಬಿರುಕುಗಳೇ ಇದರ ಕುರುಹು. ಸೀಳಿನಲ್ಲಿ ಇಳಿದ ಮಳೆನೀರು ಮಣ್ಣನ್ನು ಮತ್ತಷ್ಟು ಮೆದುಗೊಳಿಸುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ಪರೀಕ್ಷೆಯೊಂದರಲ್ಲಿ ಇಂಜಿನಿಯರರು ಮಣ್ಣನ್ನು 4 ದಿನ ನೀರಿನಲ್ಲಿ ನೆನೆಯಿಸಿ, 50 ಮಿಲಿಮೀಟರ್ ವ್ಯಾಸದ ಉಕ್ಕಿನ ದಂಡವನ್ನು ಒತ್ತಿ ಅದರ ಬಲವನ್ನು ಅಳೆಯುತ್ತಾರೆ. ಬೆಂಗಳೂರಿನ ಕೆಮ್ಮಣ್ಣು ಸಾಮಾನ್ಯವಾಗಿ ಉತ್ತರ ಕರ್ನಾಟಕದ ಎರೆಮಣ್ಣಿಗಿಂತ ಗಟ್ಟಿಯಾದುದು. ಆದರೂ ಕೊಳವೆಗಾಗಿ ಅಗೆದ ಕಾಲುವೆಯನ್ನು ಪದರಪದರವಾಗಿ ದಮ್ಮಸು ಮಾಡದೆ ಮುಚ್ಚಿದರೆ ಆ ಗುಣವೆಲ್ಲ ನಿಷ್ಫಲ. ಹೊಸ ಡಾಮರು ಸುರಿಯುವ ಮುನ್ನ ಅಡಿಯ ಮಣ್ಣಿನ ಯೋಗಕ್ಷೇಮವನ್ನು ವಿಚಾರಿಸುವುದು ಲೇಸು.