ಈರುಳ್ಳಿ ದರದಿಂದ ಮಕ್ಕಳ ಕಳ್ಳರ ವದಂತಿವರೆಗೆ: ಶಾಲೆಯಲ್ಲಿ ಸುದ್ದಿ ಓದಲು ಕಲಿಸುವವರು ಯಾರು?

2024ರ ಫೆಬ್ರುವರಿ 17, ಶನಿವಾರ. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್ ಎಪಿಎಂಸಿಯಲ್ಲಿ ಈರುಳ್ಳಿಯ ಸಗಟು ದರ ಕ್ವಿಂಟಲ್‌ಗೆ 1,280 ರೂಪಾಯಿ ಇತ್ತು. ಸೋಮವಾರ ಮಾರುಕಟ್ಟೆ ತೆರೆದಾಗ ಅದು 1,800 ರೂಪಾಯಿಗೆ ಜಿಗಿಯಿತು. ಅಂದರೆ ಶೇ 40ರಷ್ಟು ಏರಿಕೆ. ನಡುವೆ ಬಂದದ್ದು ಒಂದೇ ಒಂದು ಸುದ್ದಿ: ಈರುಳ್ಳಿ ರಫ್ತು ನಿಷೇಧವನ್ನು ಕೇಂದ್ರ ಸರ್ಕಾರ ತೆರವು ಮಾಡಿದೆ ಎಂಬುದು.

ಮಂಗಳವಾರ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಕಾರ್ಯದರ್ಶಿಯೇ ಸ್ಪಷ್ಟನೆ ನೀಡಬೇಕಾಯಿತು. ನಿಷೇಧ ತೆರವಾಗಿಲ್ಲ, ಮಾರ್ಚ್ 31ರವರೆಗೆ ಜಾರಿಯಲ್ಲೇ ಇರುತ್ತದೆ ಎಂದು ಅವರು ಹೇಳಿದರು. ಸೋಮವಾರ ಮಾಲು ಮಾರಿದ ರೈತ ಗೆದ್ದ. ಏರಿದ ದರಕ್ಕೆ ಕೊಂಡ ವ್ಯಾಪಾರಿ ಕೈಸುಟ್ಟುಕೊಂಡ. ಇನ್ನೂ ಏರುತ್ತದೆ ಎಂದು ಮಾಲು ತಡೆದಿಟ್ಟವನ ಪಾಡು ಹೇಳುವುದೇ ಬೇಡ.

ಗಮನಿಸಬೇಕಾದ ಸಂಗತಿ ಏನೆಂದರೆ, ಅದು ಯಾರೋ ಕಿಡಿಗೇಡಿ ಹುಟ್ಟಿಸಿದ ಫೇಕ್ ನ್ಯೂಸ್ ಆಗಿರಲಿಲ್ಲ. ಸಚಿವರ ಸಮಿತಿಯಲ್ಲಿ ರಫ್ತಿಗೆ ಅವಕಾಶ ಕೊಡುವ ತೀರ್ಮಾನವಾಗಿದೆ ಎಂದು ಹೆಸರಾಂತ ಮಾಧ್ಯಮಗಳೇ ವರದಿ ಮಾಡಿದ್ದವು. ಇಲ್ಲದಿದ್ದದ್ದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಸೂಚನೆ ಮಾತ್ರ. ಆ ಕಾಗದ ಹೊರಬೀಳದೆ ಒಂದು ಚೀಲ ಈರುಳ್ಳಿಯೂ ಬಂದರು ದಾಟುವುದಿಲ್ಲ. ಕೊನೆಗೆ ನಿಷೇಧ ತೆರವಾದದ್ದು ಮೇ 4ರಂದು. ಅದೂ ಟನ್‌ಗೆ 550 ಡಾಲರ್ ಕನಿಷ್ಠ ರಫ್ತು ದರ ಮತ್ತು ಶೇ 40 ರಫ್ತು ಸುಂಕದ ಷರತ್ತಿನೊಂದಿಗೆ.

ವಿದ್ಯಾರ್ಥಿಗಳಿಗೆ ಸುದ್ದಿ ಓದಲು ಕಲಿಸಬೇಕು ಎಂಬ ಮಾತು ಬಂದಾಗಲೆಲ್ಲ ಚರ್ಚೆ 'ಸುಳ್ಳು ಸುದ್ದಿ ಪತ್ತೆ'ಯಲ್ಲೇ ಮುಗಿದುಹೋಗುತ್ತದೆ. ಲಾಸಲ್‌ಗಾಂವ್‌ನ ಆ ಮೂರು ದಿನಗಳು ಬೇರೆಯದನ್ನೇ ಹೇಳುತ್ತವೆ. ಚರ್ಚೆಯಲ್ಲಿರುವುದು ಯಾವುದು, ತೀರ್ಮಾನವಾದದ್ದು ಯಾವುದು, ಆದೇಶವಾಗಿ ಜಾರಿಗೆ ಬಂದದ್ದು ಯಾವುದು ಎಂಬ ವ್ಯತ್ಯಾಸ ಗೊತ್ತಿಲ್ಲದಿದ್ದರೆ ನಿಜವಾದ ಸುದ್ದಿಯೂ ನಷ್ಟ ತರಬಲ್ಲದು. ಗದಗ, ಚಿತ್ರದುರ್ಗ, ವಿಜಯಪುರದ ಈರುಳ್ಳಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಾರ್ಥನೆಯ ಹೊತ್ತಿನ ವಾರ್ತೆ

ಹಾಗೆ ನೋಡಿದರೆ ಸುದ್ದಿಗೆ ಶಾಲೆಯಲ್ಲಿ ಜಾಗ ಇಲ್ಲವೆಂದಲ್ಲ. ಕರ್ನಾಟಕದ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆ ವೇಳೆ ಒಬ್ಬ ವಿದ್ಯಾರ್ಥಿ ಮುಖ್ಯಾಂಶ ಓದುತ್ತಾನೆ. ಮಹಾರಾಷ್ಟ್ರದ ಮರಾಠಿ ಶಾಲೆಗಳಲ್ಲಿ ಇದಕ್ಕೆ 'ಪರಿಪಾಠ' ಎಂಬ ಹೆಸರೇ ಇದೆ. ರಾಷ್ಟ್ರಗೀತೆ, ಪ್ರತಿಜ್ಞೆ, ಸುವಿಚಾರ, ದಿನವಿಶೇಷ, ನೀತಿಕಥೆಯ ಜೊತೆ ಅಂದಿನ ಸುದ್ದಿಯೂ ಅದರ ಭಾಗ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಪ್ರಚಲಿತ ವಿದ್ಯಮಾನ ಹಾಗೂ ಸ್ಥಳೀಯ ಸಮುದಾಯದಿಂದ ಹಿಡಿದು ಜಗತ್ತಿನವರೆಗಿನ ಮುಖ್ಯ ಸಮಸ್ಯೆಗಳ ತಿಳಿವಳಿಕೆಯನ್ನು ಎಲ್ಲ ವಿದ್ಯಾರ್ಥಿಗಳಿಗೂ ಬೇಕಾದ ಕಲಿಕೆಗಳ ಪಟ್ಟಿಯಲ್ಲಿ ಸೇರಿಸಿದೆ.

ಆದರೆ ಓದುವುದು ಬೇರೆ, ಕೇಳುವುದು ಬೇರೆ. ಮುಖ್ಯಾಂಶ ಓದಿದ ವಿದ್ಯಾರ್ಥಿ ಸಾಲಿಗೆ ಮರಳುತ್ತಾನೆ. ಇದನ್ನು ಯಾರು ಹೇಳಿದರು, ಹೇಳಿದವರಿಗೆ ಹೇಗೆ ಗೊತ್ತು, ಬೇರೆ ಪತ್ರಿಕೆ ಏನು ಬರೆದಿದೆ ಎಂಬ ಪ್ರಶ್ನೆಗೆ ಆ ಹತ್ತು ನಿಮಿಷದಲ್ಲಿ ಜಾಗವಿಲ್ಲ. ಪ್ರಚಲಿತ ವಿದ್ಯಮಾನ ಎಂದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಬಾಯಿಪಾಠ ಮಾಡುವ ಹೆಸರು, ದಿನಾಂಕ, ಪ್ರಶಸ್ತಿಗಳ ಪಟ್ಟಿ ಎಂಬಂತಾಗಿದೆ.

2018ರ ಆ ಎರಡು ತಿಂಗಳು

ಈ ಕೊರತೆಗೆ ಯಾವ ಬೆಲೆ ತೆರಬೇಕಾಗಬಹುದು ಎಂಬುದನ್ನು ಇದೇ ಸೀಮೆ ಎಲ್ಲರಿಗಿಂತ ಹತ್ತಿರದಿಂದ ಕಂಡಿದೆ. 2018ರ ಜೂನ್‌ನಲ್ಲಿ ಆಗ ಔರಂಗಾಬಾದ್ ಎಂದಿದ್ದ ಜಿಲ್ಲೆಯ ವೈಜಾಪುರ ತಾಲ್ಲೂಕಿನ ಚಾಂಡ್‌ಗಾಂವ್‌ನಲ್ಲಿ ಕಳ್ಳರೆಂಬ ಶಂಕೆಯಿಂದ ಗುಂಪು ನಡೆಸಿದ ಹಲ್ಲೆಯಲ್ಲಿ ಇಬ್ಬರು ಸತ್ತರು. ಜುಲೈ 1ರಂದು ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರನ್ನು ಮಕ್ಕಳ ಕಳ್ಳರೆಂದು ಹೊಡೆದು ಕೊಲ್ಲಲಾಯಿತು. ಅವರು ಊರೂರು ಸುತ್ತಿ ಭಿಕ್ಷೆ ಬೇಡುವ ನಾಥಪಂಥಿ ಅಲೆಮಾರಿಗಳು. ಬಸವಣ್ಣನವರ ಕಾರಣಕ್ಕೆ ಕನ್ನಡಿಗರಿಗೆ ಪರಿಚಿತವಾದ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಸೀಮೆಯವರು. ಅದೇ ದಿನ ರಾತ್ರಿ ನಾಸಿಕ್ ಜಿಲ್ಲೆಯ ಮಾಲೇಗಾಂವ್‌ನಲ್ಲಿ ಎರಡು ವರ್ಷದ ಮಗುವೂ ಇದ್ದ ಐವರ ತಂಡವನ್ನು ಗುಂಪು ಸುತ್ತುವರಿಯಿತು. ಸ್ಥಳೀಯರ ನೆರವಿನಿಂದ ಪೊಲೀಸರು ಅವರ ಜೀವ ಉಳಿಸಿದರು.

ಆ ದಿನಗಳಲ್ಲಿ ಈ ಭಾಗದ ಫೋನುಗಳಲ್ಲಿ ಒಂದು ವಿಡಿಯೊ ಹರಿದಾಡುತ್ತಿತ್ತು. ಸಾಲಾಗಿ ಮಲಗಿಸಿದ ಮಕ್ಕಳ ಶವಗಳು. ಅಂಗಾಂಗಕ್ಕಾಗಿ ಅಪಹರಿಸಿ ಕೊಂದ ಮಕ್ಕಳಿವರು ಎಂಬ ಮಾತು ಜೊತೆಗಿತ್ತು. ದೃಶ್ಯ ಸುಳ್ಳಲ್ಲ. ಆದರೆ ಅದು ಐದು ವರ್ಷ ಹಿಂದೆ ಸಿರಿಯಾದಲ್ಲಿ ನಡೆದ ವಿಷಾನಿಲ ದಾಳಿಯದ್ದು. ದೇಶವಿಡೀ ಸುತ್ತಿದ ಇನ್ನೊಂದು ವಿಡಿಯೊ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಅರಿವಿಗಾಗಿ ತಯಾರಾದದ್ದು. ಕೊನೆಯಲ್ಲಿದ್ದ ಸಂದೇಶವನ್ನು ಯಾರೋ ಕತ್ತರಿಸಿ ಹರಿಬಿಟ್ಟಿದ್ದರು. ಎರಡೂ ನಿಜವಾದ ವಿಡಿಯೊಗಳೇ. ಸುಳ್ಳಾಗಿದ್ದದ್ದು ಊರು ಮತ್ತು ಕಾಲ.

ವಾಟ್ಸಾಪ್ ಅದೇ ಜುಲೈನಲ್ಲಿ 'ಫಾರ್ವರ್ಡೆಡ್' ಎಂಬ ಪಟ್ಟಿ ಅಂಟಿಸಿತು, ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂಬ ಮಿತಿ ಪ್ರಕಟಿಸಿತು. ರೈನ್‌ಪಾಡಾ ಪ್ರಕರಣದಲ್ಲಿ 2024ರ ಫೆಬ್ರುವರಿಯಲ್ಲಿ ಏಳು ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. ಕಂಪನಿ ತನ್ನ ಕೆಲಸ ಮಾಡಿತು, ನ್ಯಾಯಾಲಯ ತನ್ನ ಕೆಲಸ ಮಾಡಿತು. ಶಾಲೆಯ ಕೆಲಸ ಬಾಕಿ ಉಳಿಯಿತು.

ಊರಿನ ಹೆಸರೇ ಪಾಠ

ಛತ್ರಪತಿ ಸಂಭಾಜಿನಗರದ ಶಿಕ್ಷಕರಿಗೆ ಪಾಠಕ್ಕೆ ವಿಷಯ ಹುಡುಕಿಕೊಂಡು ಹೋಗಬೇಕಾದ ಅಗತ್ಯವೇ ಇಲ್ಲ. 1988ರಲ್ಲಿ ಬಾಳಾ ಠಾಕ್ರೆ ಸಭೆಯೊಂದರಲ್ಲಿ ಈ ಊರನ್ನು ಸಂಭಾಜಿನಗರ ಎಂದು ಕರೆದರು. ಅವರ 'ಸಾಮನಾ' ಪತ್ರಿಕೆ ಸರ್ಕಾರಿ ದಾಖಲೆಯಲ್ಲಿ ಔರಂಗಾಬಾದ್ ಎಂದಿದ್ದ ಕಾಲದಲ್ಲೂ ಹಾಗೆಯೇ ಬರೆಯಿತು. 2022ರ ಜೂನ್ 29ರಂದು ಉದ್ಧವ್ ಠಾಕ್ರೆ ಸಂಪುಟ ಹೆಸರು ಬದಲಿಸುವ ನಿರ್ಣಯ ಕೈಗೊಂಡಿತು. ಜುಲೈ 16ರಂದು ಏಕನಾಥ್ ಶಿಂದೆ ಸರ್ಕಾರ 'ಛತ್ರಪತಿ' ಸೇರಿಸಿ ಮತ್ತೆ ನಿರ್ಣಯಿಸಿತು. ಕೇಂದ್ರದ ಒಪ್ಪಿಗೆ 2023ರ ಫೆಬ್ರುವರಿ 24ರಂದು ಬಂತು, ಜಿಲ್ಲೆಯ ಹೆಸರು ಸೆಪ್ಟೆಂಬರ್‌ನಲ್ಲಿ ಬದಲಾಯಿತು, ಬಾಂಬೆ ಹೈಕೋರ್ಟ್ ಆಕ್ಷೇಪಣೆಯ ಅರ್ಜಿಗಳನ್ನು ವಜಾ ಮಾಡಿದ್ದು 2024ರ ಮೇ ತಿಂಗಳಲ್ಲಿ.

ಈರುಳ್ಳಿಯ ಕಥೆಯೇ ಇದು. ಒಂದೊಂದು ಹಂತದಲ್ಲೂ 'ಹೆಸರು ಬದಲು' ಎಂಬ ಶೀರ್ಷಿಕೆ ಹಾಕಲು ಅವಕಾಶವಿತ್ತು. ಒಂದೇ ದಿನದ ನಾಲ್ಕು ಹಳೆಯ ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿ, ವರದಿಯ ಮೊದಲ ಸಾಲಿನಲ್ಲಿ ಊರಿಗೆ ಯಾವ ಹೆಸರಿದೆ ಎಂದು ಮಕ್ಕಳಿಗೆ ಹುಡುಕಲು ಹೇಳಿದರೆ ಸಾಕು. ಪತ್ರಿಕೆಗೂ ಒಂದು ನಿಲುವು ಇರುತ್ತದೆ ಎಂಬುದು ಉಪನ್ಯಾಸವಿಲ್ಲದೆ ತಿಳಿಯುತ್ತದೆ.

ಆದರೆ ಇಲ್ಲೇ ಶಿಕ್ಷಕರು ಹಿಂಜರಿಯುತ್ತಾರೆ, ಅದಕ್ಕೆ ಕಾರಣವೂ ಇದೆ. ಔರಂಗಜೇಬನ ಸಮಾಧಿ ಇರುವುದು ಇದೇ ಜಿಲ್ಲೆಯ ಖುಲ್ದಾಬಾದ್‌ನಲ್ಲಿ. ಅದನ್ನು ತೆರವು ಮಾಡಬೇಕೆಂಬ ಪ್ರತಿಭಟನೆ 2025ರ ಮಾರ್ಚ್ 17ರಂದು ನೂರಾರು ಕಿಲೋಮೀಟರ್ ದೂರದ ನಾಗ್ಪುರದಲ್ಲಿ ನಡೆದಾಗ, ಧಾರ್ಮಿಕ ಬರಹವಿದ್ದ ಬಟ್ಟೆ ಸುಡಲಾಯಿತು ಎಂಬ ವದಂತಿ ಹಬ್ಬಿ ಗಲಭೆಯಾಯಿತು, ಕರ್ಫ್ಯೂ ಹಾಕಬೇಕಾಯಿತು. ಇಂಥದ್ದನ್ನು ತರಗತಿಯಲ್ಲಿ ಎತ್ತಿಕೊಂಡರೆ ಸಂಜೆಯೊಳಗೆ ಪೋಷಕರ ಗುಂಪಿನಲ್ಲಿ ತನ್ನದೇ ಮಾತಿನ ತುಣುಕು ಹರಿದಾಡೀತು ಎಂಬ ಭಯ ಯಾವ ಶಿಕ್ಷಕನಿಗೆ ಇರುವುದಿಲ್ಲ? ಹಾಗಾಗಿ ಹವಾಮಾನ, ಕ್ರಿಕೆಟ್, ಪ್ರಶಸ್ತಿ. ಮಕ್ಕಳು ನಿಜವಾಗಿ ಕೇಳಿಸಿಕೊಳ್ಳುವ ಸುದ್ದಿಯನ್ನು ಶಾಲೆ ಮುಟ್ಟುವುದಿಲ್ಲ. ಅದನ್ನು ಮುಟ್ಟುವ ಕೆಲಸವನ್ನು ಫೋನ್ ಮಾಡುತ್ತದೆ.

ಹಾಗೆಂದು 'ವಾಟ್ಸಾಪ್ ನಂಬಬೇಡಿ, ಟಿವಿ ನೋಡಿ' ಎಂದರೂ ಆಗದು. 2025ರ ಮೇ 8ರ ರಾತ್ರಿ ಭಾರತೀಯ ನೌಕಾಪಡೆ ಕರಾಚಿ ಬಂದರಿನ ಮೇಲೆ ದಾಳಿ ಮಾಡಿದೆ ಎಂದು ಹಲವು ವಾಹಿನಿಗಳೇ ಬಿತ್ತರಿಸಿದವು. ಅಂಥ ದಾಳಿ ನಡೆದಿರಲಿಲ್ಲ. ಸೇನೆಯ ಫಿರಂಗಿ ತರಬೇತಿ ಕೇಂದ್ರವಿರುವ ನಾಸಿಕ್‌ನ ದೇವಳಾಲಿಯಂಥ ಕಡೆ, ಮನೆಯವರೊಬ್ಬರು ಸೇನೆಯಲ್ಲಿರುವ ಮಗುವಿಗೆ ಆ ರಾತ್ರಿ ಬರೀ ಟಿವಿ ಕಾರ್ಯಕ್ರಮವಲ್ಲ.

ಒಂದು ಗಂಟೆ ಸಾಲದು

ಕಲಿಸಿದರೆ ಪ್ರಯೋಜನವಿದೆಯೇ? ಬಿಹಾರದ ಎರಡು ಅಧ್ಯಯನಗಳು ಎರಡು ಉತ್ತರ ಕೊಡುತ್ತವೆ. 2019ರ ಲೋಕಸಭಾ ಚುನಾವಣೆ ವೇಳೆ ಸಂಶೋಧಕಿ ಸುಮಿತ್ರಾ ಬದ್ರಿನಾಥನ್ 1,224 ಜನರ ಮೇಲೆ ಪ್ರಯೋಗ ನಡೆಸಿದರು. ಸುಳ್ಳು ಸುದ್ದಿ ಗುರುತಿಸುವ ಬಗ್ಗೆ ಸುಮಾರು ಒಂದು ಗಂಟೆಯ ತರಬೇತಿ. ಒಟ್ಟಾರೆ ನೋಡಿದರೆ ಫಲ ಸಿಗಲಿಲ್ಲ. ಆ ಬಳಿಕ ಅವರೂ ಸೇರಿದ ತಂಡ ಅದೇ ರಾಜ್ಯದ 583 ಹಳ್ಳಿಗಳಲ್ಲಿ 8ರಿಂದ 12ನೇ ತರಗತಿಯ 13,500ಕ್ಕೂ ಹೆಚ್ಚು ವಿದ್ಯಾರ್ಥಿಗಳೊಂದಿಗೆ ಕೆಲಸ ಮಾಡಿತು. ಈ ಸಲ ಸರ್ಕಾರಿ ಗ್ರಂಥಾಲಯಗಳಲ್ಲಿ, ಶಿಕ್ಷಕರಿಂದ, ಸುಮಾರು 14 ವಾರಗಳಲ್ಲಿ ಹರಡಿದ ನಾಲ್ಕು ತರಗತಿಗಳು. ವಿಷಯ ರಾಜಕೀಯವಲ್ಲ, ಆರೋಗ್ಯದ ಸುಳ್ಳು ಮಾಹಿತಿ. ಸುಳ್ಳು ಗುರುತಿಸುವ ಶಕ್ತಿ ಹೆಚ್ಚಿತು, ತಿಂಗಳುಗಳ ನಂತರವೂ ಉಳಿಯಿತು. ಮಕ್ಕಳ ಮೂಲಕ ಪೋಷಕರಿಗೂ ತಲುಪಿತು.

ಇದರರ್ಥ, ಪೊಲೀಸ್ ಅಧಿಕಾರಿಯನ್ನು ಕರೆಸಿ ವರ್ಷಕ್ಕೊಂದು ಜಾಗೃತಿ ಉಪನ್ಯಾಸ ಮಾಡಿಸಿ ಫೋಟೊ ತೆಗೆಸಿಕೊಳ್ಳುವುದರಿಂದ ಹೆಚ್ಚೇನೂ ಆಗದು. ಮನೆಮದ್ದಿನ ವಿಡಿಯೊ, ಲಸಿಕೆಯ ವದಂತಿ, ಈರುಳ್ಳಿ ದರ ಇಂಥ ಜಗಳವಿಲ್ಲದ ವಿಷಯಗಳಿಂದ ಆರಂಭಿಸಿ ತಿಂಗಳುಗಟ್ಟಲೆ ಮುಂದುವರಿಸುವುದು ಸುರಕ್ಷಿತವೂ ಹೌದು, ಪರಿಣಾಮಕಾರಿಯೂ ಹೌದು. ಪರೀಕ್ಷೆಯ ಅಂಕವಿಲ್ಲದ ವಿಷಯಕ್ಕೆ ಪೀರಿಯಡ್ ಕೊಡುವ ಮುಖ್ಯೋಪಾಧ್ಯಾಯರು ಎಷ್ಟು ಮಂದಿ ಎಂಬುದೇ ತೊಡಕು.

ಕೇರಳ ಈ ತೊಡಕನ್ನು ಪಠ್ಯಪುಸ್ತಕದ ಮೂಲಕವೇ ಬಿಡಿಸಲು ಹೊರಟಿದೆ. 2018ರಲ್ಲಿ ಕಣ್ಣೂರು ಜಿಲ್ಲಾಧಿಕಾರಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ 'ಸತ್ಯಮೇವ ಜಯತೇ' ಹೆಸರಿನಲ್ಲಿ ಸುಳ್ಳು ಸುದ್ದಿಯ ತರಗತಿ ಆರಂಭಿಸಿದರು. ಹಿಂದಿನ ವರ್ಷ ಲಸಿಕೆ ಅಭಿಯಾನಕ್ಕೆ ವಾಟ್ಸಾಪ್ ವದಂತಿಗಳು ಅಡ್ಡಿಯಾಗಿದ್ದವು. 2022ರಲ್ಲಿ ಅದು ರಾಜ್ಯದ 19.72 ಲಕ್ಷ ವಿದ್ಯಾರ್ಥಿಗಳಿಗೆ ವಿಸ್ತರಿಸಿತು. 2024ರಲ್ಲಿ 5 ಮತ್ತು 7ನೇ ತರಗತಿಯ ಐಸಿಟಿ ಪುಸ್ತಕದಲ್ಲಿ ಸುದ್ದಿ ಪರಿಶೀಲನೆ ಪಾಠವಾಯಿತು. ಆ ಪುಸ್ತಕ ಕನ್ನಡ ಮಾಧ್ಯಮಕ್ಕೂ ಇದೆ. ಕಾಸರಗೋಡಿನ ಕನ್ನಡ ಮಕ್ಕಳು ಅದನ್ನು ಕನ್ನಡದಲ್ಲೇ ಓದಬಹುದು.

ಗಡಿಯ ಈಚೆ ಕರ್ನಾಟಕದಲ್ಲಿ 2025ರ ಜೂನ್‌ನಲ್ಲಿ ಚರ್ಚೆಯಾದದ್ದು ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿ ದಂಡ ಪ್ರಸ್ತಾಪಿಸಿದ ಕರಡು ಮಸೂದೆ. ಮಾಲೇಗಾಂವ್ ಘಟನೆಯಾಗಿ ಎರಡು ವಾರ ತುಂಬುವ ಮೊದಲೇ, 2018ರ ಜುಲೈ 13ರಂದು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತ್ತು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಶಂಕೆಗೆ ಮೂಲ. ವಿಡಿಯೊ ವಾಟ್ಸಾಪ್ ಗುಂಪಿನಲ್ಲಿ ಅವರ ಕಾರಿಗಿಂತ ಮೊದಲೇ ಮುಂದಿನ ಊರು ತಲುಪಿತ್ತು. ಅಂದು ಚಾಕೊಲೇಟ್‌ಗೆ ಕೈಚಾಚಿದ ಮಕ್ಕಳಿಗೆ ಈಗ ಹೈಸ್ಕೂಲು, ಪಿಯುಸಿ, ಕಾಲೇಜಿನ ವಯಸ್ಸು.