ಆಪ್ ಸರಿ ಇದೆ, ಕೂಲಿ ಎಲ್ಲಿ?

ಬುಕ್ಕಸಾಗರದ ಸುತ್ತ ಏಪ್ರಿಲ್ ಬಂತೆಂದರೆ ಬೆಳಗ್ಗೆ ಹತ್ತಕ್ಕೇ ಬಂಡೆ ಕಾಯುತ್ತದೆ. ಖಾತ್ರಿ ಕೆಲಸಕ್ಕೆ ಹೋಗುವವರು ಬೆಳಕು ಹರಿಯುವಾಗಲೇ ಗುದ್ದಲಿ, ಪುಟ್ಟಿ ಹಿಡಿದು ಹೊರಡುವುದು ಅದಕ್ಕೇ. ಎಷ್ಟು ಹೊತ್ತು ನಿಂತಿರಿ ಎಂಬುದಲ್ಲ, ಎಷ್ಟು ಮಣ್ಣು ತೋಡಿದಿರಿ ಎಂಬುದು ಅಲ್ಲಿ ಲೆಕ್ಕ. ನಮ್ಮ ಭಾಗದ ಬಿಸಿಲು ನೋಡಿ ಸರ್ಕಾರವೇ ಬೇಸಿಗೆಯಲ್ಲಿ ಆ ಅಳತೆಯನ್ನು ಕಡಿಮೆ ಮಾಡಿದ್ದೂ ಉಂಟು.

ಇಂಥ ಕೆಲಸಕ್ಕೆ 2021ರ ಮೇ ತಿಂಗಳಲ್ಲಿ ಎನ್‌ಎಂಎಂಎಸ್ ಎಂಬ ಹಾಜರಾತಿ ಆಪ್ ಬಂತು. 2023ರ ಜನವರಿ 1ರಿಂದ, ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದೆಲ್ಲಕ್ಕೂ ಕಡ್ಡಾಯವಾಯಿತು. ಕಾಯಕ ಬಂಧು ತನ್ನ ಫೋನಿನಲ್ಲಿ ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ಹಿಡಿದು ಹಾಕಬೇಕಿತ್ತು. ಬೆಳಗ್ಗೆ ಒಂದು, ಮಧ್ಯಾಹ್ನದ ಮೇಲೆ ಇನ್ನೊಂದು. ಆರಕ್ಕೆ ಬಂದು ಹತ್ತೂವರೆಗೆ ಅಳತೆ ಮುಗಿಸಿದ ಹೆಣ್ಣುಮಗಳು ಏನು ಮಾಡಬೇಕಿತ್ತು? ಮನೆಗೆ ಹೋಗಿ, ಮತ್ತೆ ಸುಡುಬಿಸಿಲಲ್ಲಿ ಬಂದು ಮುಖ ತೋರಿಸಬೇಕಿತ್ತು. ಇಲ್ಲವಾದರೆ ತೋಡಿದ ಗುಂಡಿ ಕಣ್ಣೆದುರಿಗಿದ್ದರೂ ದಿನದ ಕೂಲಿ ಕೈಬಿಟ್ಟುಹೋಗುವ ಭಯ.

ಈ ಬಗ್ಗೆ ನಾವು ಒಮ್ಮೆ ಸಾಫ್ಟ್‌ವೇರ್ ಬಲ್ಲ ಒಬ್ಬರನ್ನು ಕೇಳಿದೆವು. 'ಅದು ಬಗ್ ಅಲ್ಲ ಸರ್, ಡಿಸೈನೇ ಹಾಗಿದೆ' ಅಂದರು. ಅಂದರೆ ಆಪ್ ಕೆಟ್ಟಿಲ್ಲ, ಹೇಳಿದ್ದನ್ನು ಹೇಳಿದಂತೆ ಮಾಡುತ್ತಿದೆ. ಹೇಳಿದ್ದೇ ತಪ್ಪಾದರೆ ಅದು ಅವರ ಪುಸ್ತಕದಲ್ಲಿ ದೋಷವೇ ಅಲ್ಲ!

ನಮ್ಮ ರೈತರಿಗೆ ಇದು ಹೊಸದೇನಲ್ಲ. ಕಾಲುವೆಗೆ ಒಂದು ಬಿರುಕಿಲ್ಲ, ಸಿಮೆಂಟು ಗಟ್ಟಿ ಇದೆ, ಆದರೆ ತೂಬು ಇಟ್ಟಿದ್ದು ಗದ್ದೆಗಿಂತ ತಗ್ಗಿನಲ್ಲಿ. ನೀರು ಏರುವುದಿಲ್ಲ. ಕಾಲುವೆ ಚೆನ್ನಾಗಿದೆ ಅಂತ ಎಂಜಿನಿಯರ್ ಬರೆದುಕೊಂಡು ಹೋದರೆ ಭತ್ತ ಒಪ್ಪುತ್ತದೆಯೇ? ಒಣಗಿದ ಗದ್ದೆಗೆ ಬಿರುಕೂ ಒಂದೇ, ತಪ್ಪು ತೂಬೂ ಒಂದೇ. ಕೂಲಿ ಹೋದವರಿಗೂ ಅಷ್ಟೇ. ಡಿಸೈನ್ ತಪ್ಪೂ ದೋಷವೇ ಎಂದು ನಾವು ಹೇಳುತ್ತೇವೆ.

ಇದನ್ನು ಮೇಲಿನವರೂ ಒಂದು ರೀತಿ ಒಪ್ಪಿದ್ದಾರೆ. ಕೂಗು ಎದ್ದ ಮೇಲೆ, ಮೊದಲ ಫೋಟೊ ಹಾಕಿ ನಾಲ್ಕು ಗಂಟೆ ಆದ ಮೇಲೆ ಎರಡನೆಯದು ಹಿಡಿಯಬಹುದು, ನೆಟ್‌ವರ್ಕ್ ಇಲ್ಲದ ಕಡೆ ಫೋಟೊ ಹಿಡಿದಿಟ್ಟು ಆಮೇಲೆ ಹಾಕಬಹುದು ಎಂದು ಬದಲಿಸಿದರು. ದೋಷವೇ ಇಲ್ಲದಿದ್ದರೆ ತಿದ್ದಿದ್ದು ಏನನ್ನು? 2023ರ ಫೆಬ್ರವರಿಯಿಂದ ಕೂಲಿಕಾರರು ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತಾಗ ಈ ಆಪ್ ತೆಗೆಯಿರಿ ಎಂಬುದೂ ಅವರ ಬೇಡಿಕೆಯಾಗಿತ್ತು.

ಹೋಗಲಿ, ಕಳ್ಳತನವಾದರೂ ನಿಂತಿತೇ? 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಸಂಬಂಧವಿಲ್ಲದ ಫೋಟೊ, ಫೋಟೊದ ಫೋಟೊ ಹಾಕಿ ಹಾಜರಿ ತೋರಿಸುತ್ತಿದ್ದಾರೆ ಎಂದಿತು. ಪಂಚಾಯ್ತಿಯಲ್ಲಿ ಪ್ರತಿ ಫೋಟೊ ಕಣ್ಣಾರೆ ನೋಡಿ ಎಂದು ಹೇಳಿತು. ಕಳ್ಳನಿಗೆ ದಾರಿ ಸಿಕ್ಕಿತು, ಬಿಸಿಲಲ್ಲಿ ಕಾದದ್ದು ನಿಯತ್ತಿನವರು.

ಒಂದು ಮಾತು ಮಾತ್ರ ಆ ಸಾಫ್ಟ್‌ವೇರ್‌ನವರಿಂದ ಕಲಿಯಬೇಕು. ಬಗ್ ಇದ್ದರೆ ಆಪ್ ಬರೆದವರು ತಿದ್ದುತ್ತಾರೆ. ಡಿಸೈನ್ ತಪ್ಪಿದ್ದರೆ ನಿಯಮ ಬರೆದ ಅಧಿಕಾರಿಯೇ ತಿದ್ದಬೇಕು. ಆದ್ದರಿಂದ ದೂರು ಬರೆಯುವಾಗ 'ಆಪ್ ಕೆಲಸ ಮಾಡುತ್ತಿಲ್ಲ' ಅಂತ ಬರೆಯಬೇಡಿ. 'ಪರಿಶೀಲಿಸಲಾಗಿದೆ, ಸರಿ ಇದೆ' ಅಂತ ಉತ್ತರ ಬಂದು ಅರ್ಜಿ ಮುಗಿದುಹೋಗುತ್ತದೆ. 'ಆಪ್ ಸರಿ ಇದೆ, ನಮ್ಮ ಕೆಲಸ ಇಷ್ಟು ಗಂಟೆಗೆ ಮುಗಿದಿತ್ತು, ಅಳತೆ ಇಷ್ಟು, ಎರಡನೇ ಫೋಟೊ ಇಲ್ಲದ್ದಕ್ಕೆ ಕೂಲಿ ಬಂದಿಲ್ಲ' ಎಂದು ತಾರೀಖು ಹಾಕಿ ಬರೆಯಿರಿ. ಪಿಡಿಒಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.