ಟಾರ್ಚಿನೊಳಗೆ ಅಲುಗಾಡುವ ಸೆಲ್ಲು



ಕಾಫಿ ಧಾರಣೆ, ಅಡಿಕೆಯ ಕೊಳೆರೋಗ, ಗೊಬ್ಬರದ ದಾಸ್ತಾನು ಇವುಗಳನ್ನು ಕುರಿತು ಬರೆಯುವ ಈ ಪುಟದಲ್ಲಿ ಈ ಸಲ ಟಾರ್ಚಿನ ಮಾತೆತ್ತಿದರೆ ಕೆಲವರಿಗೆ ನಗು ಬಂದೀತು. ಆದರೆ ರಾತ್ರಿ ಕರೆಂಟು ಬಂದಾಗ ಪಂಪುಸೆಟ್ಟಿನ ಬಳಿಗೆ ಇಳಿಯುವವರಿಗೆ, ಆನೆಯ ಸದ್ದು ಕೇಳಿ ಅಂಗಳಕ್ಕೆ ಬರುವವರಿಗೆ ಟಾರ್ಚಿನ ಬೆಲೆ ಏನೆಂದು ಹೇಳಬೇಕಾಗಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ತೋಟದಲ್ಲೇ ನಡೆದದ್ದನ್ನು ಮುಚ್ಚಿಡದೆ ಹೇಳುತ್ತೇವೆ. ಮೇಸ್ತ್ರಿಗೆ ಚಾರ್ಜು ಮಾಡುವ ಟಾರ್ಚೊಂದನ್ನು ಕೊಡಿಸಿದ್ದೆವು. ಅದರ ಕೊಳವೆ 26 ಮಿಲಿಮೀಟರು ದಪ್ಪದ ಸೆಲ್ಲಿಗೆಂದು ಮಾಡಿದ್ದು. ಒಳಗಿದ್ದದ್ದು 18 ಮಿಲಿಮೀಟರಿನದು. ನಡೆದಾಗಲೆಲ್ಲ ಸೆಲ್ಲು ಗಡಗಡ ಅಲುಗಿ, ಹಳ್ಳ ದಾಟುವ ಹೊತ್ತಿಗೆ ಸರಿಯಾಗಿ ಬೆಳಕು ಆರುತ್ತಿತ್ತು. 'ಒಂದಿಷ್ಟು ಕಾಗದ ಸುತ್ತಯ್ಯಾ' ಎಂದವರು ನಾವೇ. ಹಿಂದಿನ ಡ್ರೈ ಸೆಲ್ಲಿನ ಕಾಲದಿಂದ ಮಾಡಿಕೊಂಡು ಬಂದ ಉಪಾಯವಲ್ಲವೇ?

ಎಂಟು ದಿನದ ಮಳೆಯಲ್ಲಿ ತೇವ ಹೀರಿ ಕಾಗದ ಉಬ್ಬಿತು. ಸೆಲ್ಲು ಕೊಳವೆಯೊಳಗೆ ಕಚ್ಚಿಕೊಂಡಿತು. ಮೇಸ್ತ್ರಿ ಟಾರ್ಚಿನ ತಲೆ ತಿರುಗಿಸಿ ತೆಗೆದು ಸ್ಕ್ರೂಡ್ರೈವರಿನಿಂದ ಮೀಟಿದ. ಅದರ ತುದಿ ಸೆಲ್ಲಿನ ಗುಬ್ಬಿಗೂ ಅಂಚಿಗೂ ಒಟ್ಟಿಗೆ ತಾಗಿ ಕಿಡಿ ಹಾರಿತು. ಬಿಸಿಯಾದ ಟಾರ್ಚನ್ನು ಕಣಕ್ಕೆ ಎಸೆದುದರಿಂದ ಎರಡು ಬೆರಳು ಸುಟ್ಟಷ್ಟಕ್ಕೇ ಮುಗಿಯಿತು. ಪಕ್ಕದಲ್ಲಿದ್ದ ಆಳು ದೇವದುರ್ಗದ ಕಡೆಯವನು; ನಾರಾಯಣಪುರ ಬಲದಂಡೆ ಕಾಲುವೆಯ ನೀರನ್ನು ರಾತ್ರಿ ಪಾಳಿಯಲ್ಲಿ ಗದ್ದೆಗೆ ಹಾಯಿಸಿ ಅಭ್ಯಾಸವಿದ್ದವನು. 'ನಮ್ಮ ಕಡಿ ಹಾಳಿ ಸುತ್ತಿದ್ರ ನಡೀತೈತ್ರಿ ಸಾವ್ಕಾರ್ರ, ನಿಮ್ಮ ಮಳ್ಯಾಗ ಹಾಳಿ ನಿಲ್ಲಂಗಿಲ್ರಿ' ಎಂದ. ರಾಯಚೂರು ಸೀಮೆಯ ಒಣ ಹವೆಗೆ ಹೊಂದುವ ಉಪಾಯ ಮಲೆನಾಡಿಗೆ ಹೊಂದದು ಎಂಬುದು ಪದವಿ ಓದಿದ ನಮಗೆ ಹೊಳೆದಿರಲಿಲ್ಲ.

ಹಳೆಯ ಡ್ರೈ ಸೆಲ್ಲು ಒಂದೂವರೆ ವೋಲ್ಟಿನದು. ತಪ್ಪಿ ತಾಗಿದರೆ ಸ್ವಲ್ಪ ಬಿಸಿಯಾಗಿ ಸೋತುಹೋಗುತ್ತಿತ್ತು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಸೆಲ್ಲಿನ ಜಾತಿಯೇ ಬೇರೆ. ಪೂರ್ತಿ ಚಾರ್ಜಾದಾಗ ಅದು 4.2 ವೋಲ್ಟು, ತಾಗಿದರೆ ತನ್ನ ಶಕ್ತಿಯನ್ನೆಲ್ಲ ಒಮ್ಮೆಗೇ ಸುರಿದು ಬೆಂಕಿಯನ್ನೂ ಹಚ್ಚೀತು. ಅದರ ಮೈಯೆಲ್ಲ ಋಣ ತುದಿಯೇ; ಧನ ಗುಬ್ಬಿಯ ಸುತ್ತಲಿನ ಅಂಚೂ ಋಣವೇ. ಇವೆರಡರ ನಡುವೆ ಹೊರಗಡೆ ಇರುವ ರಕ್ಷಣೆಯೆಂದರೆ ತೆಳುವಾದ ಪ್ಲಾಸ್ಟಿಕ್ ಹೊದಿಕೆ ಮತ್ತು ಅದರಡಿಯ ಸಣ್ಣ ಬಿಲ್ಲೆ. ಸೆಲ್ಲು ಅಲುಗಾಡಿದಷ್ಟೂ ಈ ಹೊದಿಕೆ ಸವೆಯುತ್ತದೆ. ಎರಡು ಸೆಲ್ಲು ಒಂದರ ಹಿಂದೊಂದು ಕೂರುವ ಲೋಹದ ಟಾರ್ಚಿನಲ್ಲಿ, ಮುಂದಿನ ಸೆಲ್ಲಿನ ಹೊದಿಕೆ ಹರಿದು ಕೊಳವೆಗೆ ತಾಗಿದರೆ ಹಿಂದಿನ ಸೆಲ್ಲು ನೇರವಾಗಿ ಶಾರ್ಟ್ ಆಗುತ್ತದೆ. ಆದ್ದರಿಂದ ಸಡಿಲವಾದ ಸೆಲ್ಲನ್ನು ಹಾಗೆಯೇ ಬಿಡುವುದೂ ತಪ್ಪು, ಸಿಕ್ಕಿದ್ದನ್ನು ತುರುಕುವುದೂ ತಪ್ಪು.

ಹಾಗಾದರೆ ಮಾಡಬೇಕಾದದ್ದೇನು? ಟಾರ್ಚಿನ ಅಳತೆಗೆ ತಕ್ಕ ಸೆಲ್ಲು ಹಾಕುವುದೇ ಮೊದಲನೆಯ ಮಾತು. ಅದು ಸಿಗದಿದ್ದರೆ, ಸೆಲ್ಲಿನ ಮೇಲೆ ತೊಡಿಸುವ ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ. ನೀರು ಹೀರದ ಅದು ನಮ್ಮ ಮಳೆಗೆ ಸರಿ. ಸೆಲ್ಲು ಬೆರಳಿನಿಂದ ತಳ್ಳಿದರೆ ಜಾರುವಂತಿರಬೇಕು, ಎರಡು ತುದಿಗಳೂ ಬಿಚ್ಚಿರಬೇಕು. ಸಿಗರೇಟಿನ ಬೆಳ್ಳಿಕಾಗದವನ್ನು ಎಂದೂ ಸುತ್ತಬೇಡಿ. ಉದ್ದ ಸಾಲದೆಂದು ನಾಣ್ಯ ಇಡಬೇಡಿ. ಚಾರ್ಜು ಮಾಡುವಾಗ ಸೆಲ್ಲನ್ನು ಹೊರಗೆ ತೆಗೆಯುವುದಿದ್ದರೆ ಸುತ್ತಿದ್ದನ್ನೂ ತೆಗೆಯಿರಿ. ಹೊದಿಕೆ ಹರಿದ, ತಗ್ಗು ಬಿದ್ದ ಸೆಲ್ಲನ್ನು ಟೇಪು ಸುತ್ತಿ ಮತ್ತೆ ಬಳಸುವ ಉಳಿತಾಯ ಬೇಡವೇ ಬೇಡ. ಅಂಥದನ್ನು ಒಲೆಗೂ ತಿಪ್ಪೆಗೂ ಹಾಕದೆ, ಎರಡೂ ತುದಿಗೆ ಟೇಪು ಅಂಟಿಸಿ ಬೇರೆಯಾಗಿ ಇಡಿ. ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ.

ಕೊನೆಯದಾಗಿ ಒಂದು ಮಾತು. ಟಾರ್ಚು ಕೊಡುವವರು ನಾವು. ಹಿಡಿದು ಕತ್ತಲೆಗೆ ಇಳಿಯುವವರು ಬಹುಪಾಲು ನಮ್ಮ ಆಳುಗಳು. ಅವರ ಬೆರಳು ಸುಟ್ಟರೆ 'ಅವನ ಅಜಾಗರೂಕತೆ' ಎಂದು ನಾವು ಕೈ ತೊಳೆದುಕೊಳ್ಳಲಾಗದು. ಸಂಘದ ಮಳಿಗೆಯಲ್ಲಿ ಟಾರ್ಚು ಮಾರುವಾಗ ತಕ್ಕ ಸೆಲ್ಲನ್ನೂ ಕೊಳವೆಯನ್ನೂ ಜೊತೆಗೇ ಕೊಡಬೇಕು, ಹಾಳಾದ ಸೆಲ್ಲುಗಳನ್ನು ಅಲ್ಲಿಯೇ ಹಿಂದಕ್ಕೆ ಪಡೆಯಬೇಕು ಎಂಬುದು ನಮ್ಮ ಅಭಿಪ್ರಾಯ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇದನ್ನು ಮಂಡಿಸಲಿದ್ದೇವೆ. ಅದಕ್ಕೆ ಮುನ್ನ, ಇಂದು ರಾತ್ರಿಯೇ ಸದಸ್ಯರು ತಮ್ಮ ಮನೆಯ ಟಾರ್ಚನ್ನೊಮ್ಮೆ ಕಿವಿಯ ಬಳಿ ಹಿಡಿದು ಅಲುಗಿಸಿ ನೋಡಬೇಕಾಗಿ ವಿನಂತಿ.

— ಕಾರ್ಯದರ್ಶಿ